ಲೈನಲ್ಲೇ ಇರಿ, ಕಟ್ ಮಾಡಬೇಡಿ

ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದೆ ಎಂದರೆ ಜನ ತಕ್ಷಣ ತಮ್ಮ ಮಂಡಿನೋವು ಶುರು ಮಾಡುತ್ತಾರೆ. ನರ್ಸಲ್ಲ ಎಂದರೆ, ಹಾಗಾದರೆ ಲ್ಯಾಬಿನಲ್ಲಾ ಎನ್ನುತ್ತಾರೆ. ಅದೂ ಅಲ್ಲ, ಫೋನ್ ತೆಗೆಯುತ್ತಿದ್ದೆ ಎಂದರೆ "ಓ, ಅಷ್ಟೇನಾ" ಎಂದು ಮಂಡಿಯ ವಿಷಯವನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ.

ಹೌದು, ಅಷ್ಟೇ. ರಿಚರ್ಡ್ಸ್ ಟೌನಿನ ಒಂದು ಹಳೆಯ ಧರ್ಮಾಸ್ಪತ್ರೆಯಲ್ಲಿ ನಾನು ಟೆಲಿಫೋನ್ ಆಪರೇಟರ್ ಆಗಿದ್ದೆ. ಮದುವೆಗೆ ಮುಂಚೆ ಆ ಕುರ್ಚಿಯಲ್ಲಿ ಕೂತವಳು ಮೊಮ್ಮಗಳು ಹುಟ್ಟಿದ ಮೇಲೆ ಎದ್ದೆ. ಹೊರಗಿನಿಂದ ಬರುವ ಪ್ರತಿಯೊಂದು ಕರೆಯೂ ಮೊದಲು ನಮ್ಮ ಕಿವಿಗೆ ಬಿದ್ದು, ಆಮೇಲೆ ಡಾಕ್ಟರಿಗೋ ವಾರ್ಡಿಗೋ ಹೋಗುತ್ತಿತ್ತು. ನಾವು ಕೂರುವ ಜಾಗಕ್ಕೆ ಬೋರ್ಡು ಎಂದು ಹೆಸರು. ನಾವು ಬೋರ್ಡಿನವರು.

ನಮ್ಮ ಹೊರಮಾವಿನ ಬೀದಿಯಲ್ಲಿ ಈಗ ಎಷ್ಟೋ ಹುಡುಗಿಯರು ಹೆಡ್‌ಫೋನ್ ಹಾಕಿಕೊಂಡು ಇದೇ ಕೆಲಸ ಮಾಡುತ್ತಾರೆ. ಹುದ್ದೆಯ ಹೆಸರು ಮಾತ್ರ ಉದ್ದವಾಗಿದೆ. ಅವರಲ್ಲೊಬ್ಬಳು ಮೊನ್ನೆ ಗೇಟಿನ ಹತ್ತಿರ ನಿಲ್ಲಿಸಿ ಕೇಳಿದಳು. "ಆಂಟಿ, ಎಐ ಬಂದು ನಮ್ ಕೆಲ್ಸ ಎಲ್ಲ ಹೋಗ್ಬಿಡುತ್ತಂತೆ. ನಿಮ್ ಟೈಮಲ್ಲೂ ಹಿಂಗೇ ಭಯ ಇತ್ತಾ?"

ಭಯವಿಲ್ಲದ ವರ್ಷ ಯಾವುದಿತ್ತು ಎಂದು ಯೋಚಿಸಿದೆ. ಒಂದೂ ಹೊಳೆಯಲಿಲ್ಲ. ನಿಂತಲ್ಲೇ ಹೇಳಿ ಮುಗಿಸುವ ಮಾತಲ್ಲ, ಬರೆದುಕೊಡುತ್ತೇನೆ ಹೋಗು ಎಂದೆ. ಇದರಲ್ಲಿ ನನ್ನ ಪಕ್ಕದ ಕುರ್ಚಿಯ ಸೆಲ್ವಿಯ ಕಥೆಯೂ ಇದೆ. ಅವಳ ಕುರ್ಚಿ ಉಳಿಯುತ್ತದೋ ಹೋಗುತ್ತದೋ ಎಂಬ ಚಿಂತೆ ನನ್ನ ಕೊನೆಯ ವರ್ಷವನ್ನೆಲ್ಲ ತಿಂದಿತು. ಆದರೆ ಮೊದಲಿಂದ ಬರುತ್ತೇನೆ.

ನಮ್ಮಪ್ಪ ಹೊರಮಾವಿನಲ್ಲಿ ಸೊಪ್ಪು, ಹೂಕೋಸು ಬೆಳೆದು ಶಿವಾಜಿನಗರದ ಮಾರ್ಕೆಟ್ಟಿಗೆ ಹಾಕುತ್ತಿದ್ದರು. ಭಾನುವಾರ ನಾನೂ ಗಾಡಿ ಹತ್ತುತ್ತಿದ್ದೆ. ತಮಿಳಿನಲ್ಲಿ ಚೌಕಾಸಿ ಮಾಡುವುದನ್ನೂ ದಖನಿ ಉರ್ದುವಿನಲ್ಲಿ ಬೈಗುಳ ತಿನ್ನುವುದನ್ನೂ ಅಲ್ಲಿಯೇ ಕಲಿತೆ. ಆ ಭೂಮಿಯ ಮೇಲೆ ಈಗ ಬಾಡಿಗೆ ಮನೆಗಳಿವೆ, ಅದು ಬೇರೆ ಕಥೆ. ಆಸ್ಪತ್ರೆಯವರಿಗೆ ಬೇಕಾಗಿದ್ದದ್ದು ಈ ಭಾಷೆಗಳೇ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಯಾರೂ ಬಿಚ್ಚಿ ನೋಡಲಿಲ್ಲ.

ಬೋರ್ಡಿನ ಮೇಲ್ವಿಚಾರಕಿ ಫ್ಲಾರಾ ಮಿಸ್. ಫ್ರಾಕು, ಬಿಳಿ ಕೂದಲು, ಕೈಯಲ್ಲಿ ಪುದೀನಾ ಪೆಪ್ಪರ್‌ಮಿಂಟಿನ ಡಬ್ಬಿ. ಅವರ ಪಾಠ ಒಂದೇ. ಆಸ್ಪತ್ರೆಯ ಹೆಸರು ಹೇಳು, ನಮಸ್ಕಾರ ಹೇಳು, ಆಮೇಲೆ ಒಂದು ಉಸಿರು ಬಿಡು.

"ಯೂ ಸೀ ಗರ್ಲ್, ಆಸ್ಪತ್ರೆಗೆ ಫೋನ್ ಮಾಡೋರ್ ಬಾಯಲ್ಲಿ ಮಾತು ರೆಡಿ ಇರಲ್ಲ. ನೀನು ಸುಮ್ನಿದ್ರೆ ಅದು ಬರುತ್ತೆ. ನೀನೇ ಮಾತಾಡ್ತಿದ್ರೆ ಪಾಪ ನುಂಗ್ಕೊಂಡು ಫೋನ್ ಇಟ್ಬಿಡ್ತಾರೆ."

ಇದನ್ನು ಕಲಿಸಲು ಅವರು ನನ್ನ ಬೆನ್ನ ಹಿಂದೆ ನಿಂತು ಎಡ ಹೆಗಲ ಮೇಲೆ ಕೈಯಿಡುತ್ತಿದ್ದರು. ಕೈ ಇರುವಷ್ಟು ಹೊತ್ತು ಬಾಯಿ ಮುಚ್ಚಿರಬೇಕು. ಎತ್ತಿದ ಮೇಲೆ ಮುಂದಿನ ಮಾತು. ಒಂದೊಂದು ವಾಕ್ಯಕ್ಕೂ ಹೀಗೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು, ನಾನೇನು ಹಾರ್ಮೋನಿಯಮ್ಮಾ ಎಂದು. ಆಮೇಲೆ ನೋಡಿದರೆ ಅವರು ಹೇಳಿದ್ದು ನಿಜ. "ಹೇಳಿ" ಎಂದು ಸುಮ್ಮನಿದ್ದರೆ ಆ ಕಡೆಯವರು ಗಂಟಲು ಸರಿಮಾಡಿಕೊಂಡು, ಮೊದಲು ಯಾವುದೋ ಸಣ್ಣ ವಿಷಯ ಕೇಳಿ, ಕೊನೆಗೆ ನಿಜವಾಗಿ ಕೇಳಬೇಕಾದದ್ದಕ್ಕೆ ಬರುತ್ತಿದ್ದರು.

ಫ್ಲಾರಾ ಮಿಸ್ ರಿಟೈರಾಗಿ, ಆಮೇಲೆ ತೀರಿಕೊಂಡೂ ಬಹಳ ಕಾಲವಾಯಿತು. ಫೋನ್ ಹಿಡಿದರೆ ಈಗಲೂ ಹೆಗಲ ಮೇಲೆ ಆ ಕೈ ಇರುತ್ತದೆ.

ಆಗಿನ ಬೋರ್ಡು ಎಂದರೆ ತೂತುಗಳು, ವೈರುಗಳು, ಪ್ಲಗ್ಗುಗಳು. ಯಾರ ಪ್ಲಗ್ಗನ್ನು ಯಾವ ತೂತಿಗೆ ಚುಚ್ಚಿದರೆ ಅವರಿಗೆ ಅದೇ ಗತಿ. ಸೇರಿದ ಹೊಸದರಲ್ಲಿ ಕೆ.ಆರ್. ಪುರದಿಂದ ಒಬ್ಬ ಮೊದಲ ಬಾರಿಗೆ ತಂದೆಯಾಗಲಿದ್ದವನು ಫೋನ್ ಮಾಡಿದ. ಹೆರಿಗೆ ವಾರ್ಡಿಗೆ ಚುಚ್ಚುವ ಬದಲು ಪಕ್ಕದ ಕ್ಯಾಂಟೀನಿಗೆ ಚುಚ್ಚಿದೆ. ಅವನು "ಆಯ್ತಾ ಸಾರ್?" ಎಂದು ಕೇಳಿದನಂತೆ. ಕ್ಯಾಂಟೀನಿನವನು ತಿಂಡಿಯ ವಿಚಾರ ಎಂದುಕೊಂಡು "ಆಯ್ತು, ಎರಡಿದೆ, ಬೇಗ ಬನ್ನಿ, ಆರೋಗುತ್ತೆ" ಎಂದನಂತೆ. ಆ ಪುಣ್ಯಾತ್ಮ ಎರಡು ಕುಲಾವಿ, ಎರಡು ಜಬಲಾ ಹಿಡಿದು ಓಡಿಬಂದ. ವಾರ್ಡಿನಲ್ಲಿ ಇದ್ದದ್ದು ಒಂದೇ, ಚೆಂದದ ಹೆಣ್ಣುಮಗು. "ಇನ್ನೊಂದು ಎಲ್ಲಿ?" ಎಂದು ಅವನು ಮಾಡಿದ ಗಲಾಟೆ ಬೋರ್ಡಿಗೂ ಕೇಳಿಸಿತು. ಫ್ಲಾರಾ ಮಿಸ್ ನನ್ನನ್ನು ಬೈಯಲಿಲ್ಲ. ನಗು ತಡೆಯಲಾಗದೆ ಅವರೇ ಹೊರಗೆ ಹೋಗಿಬಿಟ್ಟರು.

ಈ ಕೆಲಸ ಮನೆಗೂ ಅಂಟಿಕೊಂಡು ಬರುತ್ತದೆ. ಮದುವೆಯಾಗಿ ಬಾಣಸವಾಡಿಗೆ ಹೋದ ವಾರದಲ್ಲೇ ಅತ್ತೆ ಮನೆಯ ಫೋನ್ ಹೊಡೆದುಕೊಂಡಿತು. ಎತ್ತಿ, ಬಾಯಿಪಾಠದಂತೆ, ಆಸ್ಪತ್ರೆಯ ಹೆಸರು ಹೇಳಿ ನಮಸ್ಕಾರ ಎಂದೆ. ಆ ಕಡೆ ನಮ್ಮ ಮಾವನವರ ಗೆಳೆಯರು. ಟಪ್ಪೆಂದು ಫೋನಿಟ್ಟು, ಆಟೋ ಹಿಡಿದು, ಯಾರಿಗೆ ಏನಾಯಿತು ಎಂದು ಹಾರ್ಲಿಕ್ಸ್ ಬಾಟಲಿಯೊಂದಿಗೆ ಬಂದಿಳಿದರು. ಮಾವ ಮಾತ್ರ ಆರೋಗ್ಯವಾಗಿ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು.

ಮೊದಲ ಭಯ ಬಂದದ್ದು ವೈರಿನ ಬೋರ್ಡು ಹೋಗಿ ಗುಂಡಿಗಳ ಪೆಟ್ಟಿಗೆ ಬಂದಾಗ. ಡಾಕ್ಟರುಗಳಿಗೆಲ್ಲ ಪ್ರತ್ಯೇಕ ನಂಬರ್ ಕೊಡುತ್ತಾರೆ, ಹೊರಗಿನವರು ನೇರವಾಗಿ ಅವರಿಗೇ ಮಾಡಿಕೊಳ್ಳುತ್ತಾರೆ, ನಮ್ಮನ್ನು ಲಾಂಡ್ರಿಗೆ ಹಾಕುತ್ತಾರೆ ಎಂದು ಸುದ್ದಿ. ಆದದ್ದೇ ಬೇರೆ. ನಂಬರುಗಳು ಜಾಸ್ತಿಯಾದವು. ಯಾರ ನಂಬರ್ ಯಾವುದು ಎಂದು ಕೇಳುವವರೂ ಜಾಸ್ತಿಯಾದರು. ಮೊದಲು ಇಬ್ಬರಿದ್ದ ಕಡೆ ಮೂವರು ಕೂತೆವು.

ಆಮೇಲೆ ಪೇಜರ್. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಆ ಕಪ್ಪು ಡಬ್ಬಿಯನ್ನು ಈಗಿನವರು ಕಂಡಿರಲಾರರು. ಬೋರ್ಡಿನಿಂದ ಸಂದೇಶ ಹೋದರೆ ಅದು ಗುಯ್‌ಗುಡುತ್ತಿತ್ತು. ನಮ್ಮ ಹಿರಿಯ ಸರ್ಜನ್ನರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. "ನಾನೇನು ಹಸುವಾ, ಕೊರಳಿಗೆ ಗಂಟೆ ಕಟ್ಟಕ್ಕೆ?" ಎಂದು ಮೇಜಿನ ಡ್ರಾಯರಿನಲ್ಲಿ ತುರುಕಿಟ್ಟರು. ನಾವು ಕರೆದಾಗಲೆಲ್ಲ ಡ್ರಾಯರು ಗುಯ್‌ಗುಟ್ಟುವುದು. ಅಟೆಂಡರ್ ಇಲಿಯೆಂದು ಬೋನು ತಂದಿಟ್ಟ. ಕೊನೆಗೆ ನಾವು ಹಳೆಯ ದಾರಿಯನ್ನೇ ಹಿಡಿದೆವು. ಗೇಟಿನ ಎದುರಿನ ಎಸ್‌ಟಿಡಿ ಬೂತಿಗೆ ಫೋನ್ ಮಾಡಿ "ಶಂಕರಣ್ಣ, ಡಾಕ್ಟರು ಅಲ್ಲಿ ಸಿಗರೇಟ್ ಸೇದ್ತಿದಾರಾ, ಸ್ವಲ್ಪ ನೋಡಿ" ಎನ್ನುವುದು. ಯಾವಾಗಲೂ ಅಲ್ಲೇ ಇರುತ್ತಿದ್ದರು.

ಶಂಕರಣ್ಣನ ಬಗ್ಗೆ ಹೇಳಲೇಬೇಕು. ಮೊಬೈಲ್ ಬಂದ ಹೊಸದರಲ್ಲಿ ಅವರು ನನ್ನನ್ನು ಕರೆದು, "ರತ್ನಮ್ಮ, ನಿಮ್ ಬೋರ್ಡ್ ಕಥೆ ಮುಗೀತು ಕಣಮ್ಮ. ಬೇಕಾದ್ರೆ ನನ್ ಬೂತಲ್ಲಿ ಒಂದು ಸ್ಟೂಲ್ ಹಾಕ್ಕೊಡ್ತೀನಿ" ಎಂದು ದೊಡ್ಡ ಮನಸ್ಸು ಮಾಡಿದ್ದರು. ಎರಡು ಮಳೆಗಾಲ ಕಳೆಯುವುದರೊಳಗೆ ಮುಚ್ಚಿದ್ದು ಅವರ ಬೂತು. ನಮ್ಮ ಬೋರ್ಡಿಗೆ ಏನೂ ಆಗಲಿಲ್ಲ. ಡಾಕ್ಟರುಗಳು ಮೊಬೈಲ್ ಕೊಂಡರು, ನಂಬರ್ ಯಾರಿಗೂ ಕೊಡಬೇಡಿ ಎಂದು ನಮಗೆ ಅಪ್ಪಣೆ ಮಾಡಿದರು. ಕೊಡುವುದಿಲ್ಲ ಎಂದು ಹೇಳುವುದಕ್ಕೇ ಅರ್ಧ ದಿನ ಬೇಕಾಗುತ್ತಿತ್ತು.

ಶಂಕರಣ್ಣ ಕೈಕಟ್ಟಿ ಕೂರಲಿಲ್ಲ. ಬೂತಿನಲ್ಲಿ ರೀಚಾರ್ಜ್ ಕೂಪನ್ ಇಟ್ಟರು. ಅದೂ ಆನ್‌ಲೈನ್ ಆದ ಮೇಲೆ ಮೊಬೈಲಿನ ಕವರು, ಚಾರ್ಜರು. ಈಗ ಅದೇ ಗೂಡಿನಲ್ಲಿ ಎಳನೀರು. ಪಕ್ಕದಲ್ಲಿ ಸ್ಕ್ಯಾನ್ ಮಾಡುವ ರಟ್ಟು, ದುಡ್ಡು ಬಂತು ಎಂದು ಕೂಗುವ ಪುಟ್ಟ ಪೆಟ್ಟಿಗೆ. "ಮುಂದೆ ಏನ್ ಮಾರ್ತೀನೋ ನಂಗೇ ಗೊತ್ತಿಲ್ಲಮ್ಮ. ಬಾಗ್ಲು ಮಾತ್ರ ತೆಗ್ದಿರ್ತೀನಿ" ಎನ್ನುತ್ತಾರೆ. ಈ ವಿಷಯದಲ್ಲಿ ನಾನು ಕೇಳಿದ ಭಾಷಣಗಳಲ್ಲೆಲ್ಲ ನನಗೆ ಹಿಡಿಸಿದ್ದು ಇದೊಂದೇ.

ವಾಟ್ಸಾಪ್ ಏನು ಮಾಡುತ್ತದೆಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನಮ್ಮ ಗಂಡಸರ ವಾರ್ಡಿನಲ್ಲಿ ಬಾಣಸವಾಡಿಯ ಒಬ್ಬ ದೊಡ್ಡ ಕುಟುಂಬದ ಯಜಮಾನರು ಮಲಗಿದ್ದರು. ಯಾರೋ ಅವರ ಕಣ್ಣು ಮುಚ್ಚಿದ ಫೋಟೋ ಗ್ರೂಪಿಗೆ ಹಾಕಿದರು. ಇನ್ಯಾರೋ ಕೈಮುಗಿಯುವ ಚಿತ್ರ ಹಾಕಿದರು. ಮತ್ತೆ ಕೇಳಬೇಕೆ. ಬೆಳಗಿನ ಕಾಫಿಯ ಹೊತ್ತಿಗೆ ಬೋರ್ಡಿನ ಎಲ್ಲ ಲೈನಿನಲ್ಲೂ ಅಳು. "ಬಾಡಿ ಎಷ್ಟೊತ್ತಿಗೆ ಕೊಡ್ತೀರಾ?" ವಾರ್ಡಿಗೆ ಫೋನ್ ಮಾಡಿದರೆ ನರ್ಸು, "ಯಾರು? ಅವ್ರಾ? ಉಪ್ಪಿಟ್ಟಲ್ಲಿ ಉಪ್ಪು ಕಮ್ಮಿ ಅಂತ ಜಗಳ ಆಡ್ತಾವ್ರೆ" ಎಂದಳು. ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ನನಗೂ ಸಾಕಾಯಿತು. ಮುಂದಿನ ಕರೆಗಳನ್ನೆಲ್ಲ ನೇರವಾಗಿ ಯಜಮಾನರ ಮಂಚದ ಪಕ್ಕದ ಫೋನಿಗೇ ಹಾಕಿಬಿಟ್ಟೆ. ಅವರೇ ಎತ್ತಿ "ಹೇಳಿ, ನಾನೇ" ಎನ್ನುತ್ತಿದ್ದರು. ಮಧ್ಯಾಹ್ನ ಹಾರ ಹಿಡಿದು ಬಂದವರ ಹಾರವನ್ನೂ ತಾವೇ ಹಾಕಿಸಿಕೊಂಡು ಫೋಟೋ ತೆಗೆಸಿ ಗ್ರೂಪಿಗೆ ಹಾಕಿಸಿದರಂತೆ.

ಹೀಗೆ ಹೇಳುತ್ತಾ ಹೋದರೆ ಪ್ರತಿ ಬಾರಿಯೂ ನಾವೇ ಗೆದ್ದೆವು ಎಂದು ಅನಿಸಬಹುದು. ಹಾಗೇನಿಲ್ಲ. ಮೂವರಿದ್ದ ಬೋರ್ಡು ಮತ್ತೆ ಇಬ್ಬರದಾಯಿತು. ಒಬ್ಬರು ಎದ್ದುಹೋದ ಜಾಗಕ್ಕೆ ಯಾರನ್ನೂ ಹಾಕಲಿಲ್ಲ, ಮೂರನೆಯ ಕುರ್ಚಿಯನ್ನು ಅಕೌಂಟ್ಸಿನವರು ಹೊತ್ತುಕೊಂಡು ಹೋದರು. ಉಳಿದದ್ದು ನಾನು, ಮತ್ತು ಸೆಲ್ವಿ.

ಸೆಲ್ವಿ ಹಲಸೂರಿನವಳು. ನನಗಿಂತ ಬಹಳ ಚಿಕ್ಕವಳು, ಕಾಂಟ್ರ್ಯಾಕ್ಟಿನ ಮೇಲೆ ಇದ್ದವಳು. ವರ್ಷಕ್ಕೊಮ್ಮೆ ಅದನ್ನು ಹೊಸದು ಮಾಡಬೇಕು. ಮೊದಲು ಎರಡು ಕಡೆ ಕೆಲಸ ಮಾಡಿ, ಎರಡೂ ಮುಚ್ಚಿಹೋಗಿ, ಇಲ್ಲಿಗೆ ಬಂದಿದ್ದಳು. ಈ ಕುರ್ಚಿಯೆಂದರೆ ಅವಳಿಗೆ ಪ್ರಾಣ. ಕುಶನ್ನಿಗೆ ತಾನೇ ಹೊಲಿದ ಹೂವಿನ ಕವರು ಹಾಕಿದ್ದಳು. ಉಸಿರು ಬಿಡುವ ಪಾಠವನ್ನು ನಾನು ಅವಳಿಗೆ ಹೆಗಲ ಮೇಲೆ ಕೈಯಿಟ್ಟೇ ಕಲಿಸಿದ್ದೆ.

ನನ್ನ ರಿಟೈರ್‌ಮೆಂಟಿಗೆ ಒಂದು ವರ್ಷ ಇರುವಾಗ ಮ್ಯಾನೇಜರ್ ಇಮ್ತಿಯಾಜ್ ಸಾಹೇಬರು ಬೋರ್ಡಿಗೇ ಬಂದರು. ಒಳ್ಳೆಯ ಮನುಷ್ಯ. ಕೆಟ್ಟ ಸುದ್ದಿಯಿದ್ದರೆ ಬಿಸ್ಕತ್ತಿನ ಪ್ಯಾಕೆಟ್ ತರುತ್ತಿದ್ದರು. ಅವತ್ತು ಎರಡು ಪ್ಯಾಕೆಟ್ ತಂದಿದ್ದರು.

"ನೋಡಮ್ಮ ರತ್ನಮ್ಮ, ಒಂದು ವಾಯ್ಸ್ ಮಷೀನ್ ಹಾಕ್ತಾ ಇದ್ದೀವಿ. ಅದೇ ಫೋನ್ ಎತ್ತುತ್ತೆ. ಡಾಕ್ಟರ್ ಬೇಕಾದ್ರೆ ಒಂದು ಒತ್ತಿ, ರಿಪೋರ್ಟ್ ಬೇಕಾದ್ರೆ ಎರಡು ಒತ್ತಿ, ಹಾಗೆ. ಅದಕ್ಕೆ ನಿಮ್ಮ ಆವಾಜ್ ಬೇಕು. ಜನಕ್ಕೆ ಗೊತ್ತಿರೋ ಆವಾಜ್."

"ಆಮೇಲೆ ಬೋರ್ಡಲ್ಲಿ ಯಾರಿರ್ತಾರೆ ಸಾರ್?" ಎಂದೆ.

"ನೀವು ಹೇಗೂ ರಿಟೈರ್ ಆಗ್ತೀರಿ. ಸೆಲ್ವಿದು..." ಸಾಹೇಬರು ಅವಳ ಕಡೆ ತಿರುಗಿ ಬಿಸ್ಕತ್ತಿನ ಪ್ಯಾಕೆಟ್ ಬಿಚ್ಚತೊಡಗಿದರು. "ಮಷೀನ್ ಹೇಗೆ ನಡೆಯುತ್ತೆ ನೋಡೋಣ. ಚೆನ್ನಾಗಿ ನಡೆದ್ರೆ ಕಾಂಟ್ರ್ಯಾಕ್ಟ್ ಕಷ್ಟ ಆಗುತ್ತೆ ಬೇಟಾ. ಸುಳ್ಳು ಯಾಕೆ ಹೇಳ್ಲಿ?"

ಅವರು ಹೋದ ಮೇಲೆ ನಾನು ಸೆಲ್ವಿಗೆ, ಧ್ವನಿ ಕೊಡುವುದಿಲ್ಲ ಎಂದು ಹೇಳಿಬಿಡುತ್ತೇನೆ, ಅದೇನು ಮಾಡುತ್ತಾರೋ ಮಾಡಲಿ ಎಂದೆ. ಅವಳು ಬಿಸ್ಕತ್ತು ಮುಟ್ಟಿರಲಿಲ್ಲ.

"ಅಯ್ಯೋ ಅಕ್ಕಾ, ನೀವು ಕೊಡ್ಲಿಲ್ಲ ಅಂದ್ರೆ ಯಾವಳೋ ಮೂಗಲ್ಲಿ ಮಾತಾಡೋಳ್ನ ಕರ್ಕೊಂಡ್ ಬರ್ತಾರೆ. ನಮ್ ಜನಕ್ಕೆ ಒಂದೂ ಅರ್ಥ ಆಗಲ್ಲ. ಮಷೀನು ಬರೋದಂತೂ ಬರುತ್ತೆ. ನೀವೇ ಕೊಡಿ." ಪ್ಯಾಕೆಟ್ಟನ್ನು ನನ್ನ ಕಡೆ ತಳ್ಳಿ, "ನನ್ ಸೀಟಲ್ಲಿ ಕೂತ್ಕೊಳೋದಿದ್ರೆ ನಿಮ್ ವಾಯ್ಸೇ ಕೂತ್ಕೊಳ್ಲಿ" ಎಂದಳು. ನನಗೆ ಅಳು ಬಂತು. ಅಷ್ಟರಲ್ಲಿ ಫೋನ್ ಬಂತು, ಇಬ್ಬರೂ ಒಟ್ಟಿಗೆ ಕೈಹಾಕಿದೆವು.

ಮಷೀನಿನ ಕಂಪನಿಯಿಂದ ಬಂದವರು ಬಸವರಾಜ್, ಧಾರವಾಡದ ಕಡೆಯವರು, ಕೆ.ಆರ್. ಪುರದಲ್ಲಿ ಮನೆ. ಲ್ಯಾಪ್‌ಟಾಪಿನ ಜೊತೆ ದಿನವೂ ಬುತ್ತಿಯಲ್ಲಿ ರೊಟ್ಟಿ ತರುತ್ತಿದ್ದರು. ಸದ್ದಿಲ್ಲದ ಜಾಗ ಬೇಕೆಂದರು. ಆಸ್ಪತ್ರೆಯಲ್ಲಿ ಅಂಥದ್ದು ಎಲ್ಲಿದೆ? ಕೊನೆಗೆ ಬೆಡ್‌ಶೀಟು, ಕಂಬಳಿ ಅಟ್ಟಿಯಿಡುವ ಕೋಣೆ ಸಿಕ್ಕಿತು. ಒಗೆದ ಬಟ್ಟೆಯ ವಾಸನೆಯ ಮಧ್ಯೆ ಮೈಕು ಹಿಡಿದು ನಿಂತೆ.

ಆಸ್ಪತ್ರೆಯ ಹೆಸರು ಹೇಳಿ "ನಮಸ್ಕಾರ" ಎಂದೆ. ಉಸಿರು ಬಿಟ್ಟೆ. "ಹೇಳಿ" ಎಂದೆ. ಉಸಿರು ಬಿಟ್ಟೆ. "ಡಾಕ್ಟರರ ಭೇಟಿಯ ಸಮಯಕ್ಕೆ ಒಂದನ್ನು ಒತ್ತಿ." ಮತ್ತೆ ಉಸಿರು.

"ಮೇಡಮ್, ನಡುನಡುವ ಯಾಕ ನಿಂದರತೀರಿ?" ಬಸವರಾಜ್ ಕೇಳಿದರು. "ಮತ್ತ 'ಹೇಳಿ' ಅನ್ನೂದು ಇದರಾಗ ಇಲ್ರೀ. ಅದಕ್ಕ ಕೇಳಸೂದಿಲ್ಲ. ಬರೇ ಮಾತಾಡತದ."

ಸರಿ ಎಂದು ಮತ್ತೆ ಶುರು ಮಾಡಿದೆ. ಮತ್ತೆ ಅದೇ. ಹೆಗಲ ಮೇಲೆ ಕೈ ಇರುವಾಗ ಮಾತಾಡಲು ಬಾಯಿ ಬರಬೇಕಲ್ಲ! ಒಂದೇ ಉಸಿರಿಗೆ ಹೇಳಲು ಹೋದರೆ ತೊದಲುತ್ತಿದ್ದೆ. ಸುಸ್ತಾಗಿ ಅವರೇ, "ಇರಲಿ ಬಿಡ್ರಿ, ಆಮ್ಯಾಲೆ ಕಂಪ್ಯೂಟರಿನಾಗ ಕತ್ತರಸತೀನಿ" ಎಂದರು. ಕತ್ತರಿಸಿ ಕೇಳಿಸಿದರು. ನಾನು ಯಾರಿಗೋ ಬೀದಿಯಲ್ಲಿ ನಿಂತು ಬೈಯುತ್ತಿರುವಂತೆ ಇತ್ತು. "ಏ ಬ್ಯಾಡ್ರಿ ಇದು, ಪೇಶಂಟು ಅಂಜತಾರ" ಎಂದು ನಗುತ್ತಾ ಮೊದಲಿನದನ್ನೇ ಉಳಿಸಿಕೊಂಡರು. ತಮಿಳು, ಉರ್ದುವಿಗೂ ಹಾಗೇ ಆಯಿತು. ಕಾಯುವವರಿಗಾಗಿ ಕೊನೆಗೆ ಒಂದು ಸಾಲು ಬೇಕಿತ್ತು. ನಾವು ದಿನವೂ ಹೇಳುವುದನ್ನೇ ಹೇಳಿದೆ. "ಲೈನಲ್ಲೇ ಇರಿ, ಕಟ್ ಮಾಡಬೇಡಿ."

ಮಷೀನು ಶುರುವಾಯಿತು. ಏನೂ ಒತ್ತದವರ ಕರೆ ಕೊನೆಗೆ ತಾನೇ ಕಟ್ಟಾಗುವ ಹಾಗೆ ಇಟ್ಟಿದ್ದರು. ಬೋರ್ಡಿನಲ್ಲಿ ಒಮ್ಮೆಲೇ ಸದ್ದಡಗಿತು. ಸೆಲ್ವಿ ಕುಶನ್ ಕವರನ್ನು ಒಗೆದು ಮಡಚಿ ಬ್ಯಾಗಿನಲ್ಲಿಟ್ಟುಕೊಂಡಳು. ನಾನು ನೋಡಿದೆ.

ಕೆಲವು ದಿನಗಳಾದ ಮೇಲೆ ಬಸವರಾಜ್ ಬಂದು ನಮ್ಮಿಬ್ಬರನ್ನೂ ಸಾಹೇಬರ ಕೋಣೆಗೆ ಕರೆದರು. ಮಷೀನು ಕೆಟ್ಟಿದೆ ಎಂದುಕೊಂಡೆ. ಸೆಲ್ವಿಯ ಮುಖದಲ್ಲಿ ಸ್ವಲ್ಪ ಆಸೆ ಕಂಡಿತು.

"ಮಷಿನ್ನು ಚಲೋ ನಡದದ್ರಿ," ಎಂದರು ಬಸವರಾಜ್. "ಆದರ ಭಾಳ ಮಂದಿ ಏನೂ ಒತ್ತೂದಿಲ್ಲ. ಹಂಗಂತ ಇಡೂದೂ ಇಲ್ಲ. ಏನು ಮಾಡತಾರ ಅಂತ ರೆಕಾರ್ಡಿಂಗ್ ಕೇಳಿದೆ. ನೀವೂ ಕೇಳ್ರಿ."

ಲ್ಯಾಪ್‌ಟಾಪಿನಿಂದ ನನ್ನ ಧ್ವನಿ ಬಂತು. "ನಮಸ್ಕಾರ." ಉಸಿರಿಗೆಂದು ಬಿಟ್ಟ ಜಾಗದಲ್ಲಿ ಇನ್ನೊಂದು ಧ್ವನಿ. "ನಮಸ್ಕಾರ ತಾಯಿ, ರತ್ನಮ್ಮ ಅಲ್ವಾ? ಊಟ ಆಯ್ತಾ?" ಹಲಸೂರಿನ ಗೋವಿಂದಸ್ವಾಮಿ ತಾತ. ಡಾಕ್ಟರು ಬಂದರಾ ಎಂದು ದಿನವೂ ಕೇಳುವವರು.

"ಡಾಕ್ಟರರ ಭೇಟಿಯ ಸಮಯಕ್ಕೆ ಒಂದನ್ನು ಒತ್ತಿ."

"ಒತ್ತೋದಿರ್ಲಿ ಬಿಡಮ್ಮ. ನೆಗಡಿ ಆಗಿತ್ತಲ್ಲ, ಹೋಯ್ತಾ?"

"ಪರೀಕ್ಷೆಯ ವರದಿಗೆ ಎರಡನ್ನು ಒತ್ತಿ."

"ಓಹೋ, ಮೇಲಿನೋರು ಪಕ್ಕದಲ್ಲೇ ಅವ್ರಾ? ಗೊತ್ತಾಯ್ತು, ಗೊತ್ತಾಯ್ತು. ಆಮೇಲೆ ಮಾಡ್ತೀನಿ ಬಿಡು."

ಇಮ್ತಿಯಾಜ್ ಸಾಹೇಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ಬೇರೆ ಯಾರ ಧ್ವನಿಯಾಗಿದ್ದರೂ ಜನ ಮಷೀನೆಂದು ತಿಳಿದು ಗುಂಡಿ ಒತ್ತುತ್ತಿದ್ದರು. ನಾನು ಉಸಿರು ಬಿಟ್ಟು ಬಿಟ್ಟು, ಎಲ್ಲರಿಗೂ ಮಾತಾಡಲು ಜಾಗ ಮಾಡಿಕೊಟ್ಟಿದ್ದೆ.

ಮುಂದಿನದು ಒಬ್ಬ ಹೆಂಗಸಿನ ಧ್ವನಿ. "ಮೇಡಮ್, ನಮ್ಮತ್ತೆ ಐಸಿಯುನಲ್ಲಿದಾರೆ. ನಿದ್ದೆ ಬಂತಾ ಅವ್ರಿಗೆ? ಅಷ್ಟೇ ಕೇಳ್ಬೇಕಿತ್ತು." ನನ್ನ ಧ್ವನಿ ಅವಳಿಗೆ ಮೂರನ್ನು ಒತ್ತಿ ಎಂದಿತು. ಅವಳು ಕಾದಳು. ನಾಲ್ಕನ್ನು ಒತ್ತಿ ಎಂದಿತು. "ಮೇಡಮ್?" ಎಂದಳು. ಆಮೇಲೆ ಕಟ್ಟಾಯಿತು. ಆಗ ಯಾರೂ ನಗಲಿಲ್ಲ.

ಕೊನೆಯದರಲ್ಲಿ ಮಾತೇ ಇರಲಿಲ್ಲ. ಎಲ್ಲ ಸಾಲುಗಳ ನಡುವೆಯೂ ಯಾರೋ ಉಸಿರಾಡುತ್ತಿದ್ದರು, ಮಧ್ಯೆ ಬಸ್ಸಿನ ಹಾರನ್ನು. "ಇದು ಯಾಕ ಅಂತ ತಿಳೀಲಿಲ್ರಿ. ತಪ್ಪಿ ಹತ್ತಿದ ಕಾಲ್ ಇರಬೇಕು," ಎಂದರು ಬಸವರಾಜ್.

"ಇರ್ಬೋದು," ಎಂದಳು ಸೆಲ್ವಿ. "ಇಲ್ಲಾಂದ್ರೆ ಕೇಳಕ್ಕೆ ಭಯ ಇರೋರು ಸಾರ್. ಇಂಥೋರು ದಿನಾ ಬರ್ತಾರೆ. ಯಾವ ವಾರ್ಡು ಅಂತ ನಾವೇ ಶುರು ಮಾಡ್ಬೇಕು. ಆಮೇಲೆ ಹೇಳ್ತಾರೆ." ಅವಳೇ ಸೇರಿಸಿದಳು. "ಆದ್ರೆ ರಿಪೋರ್ಟ್ ರೆಡೀನಾ, ಓಪಿಡಿ ಎಷ್ಟೊತ್ತಿಗೆ ಅಂತ ಕೇಳೋರೆಲ್ಲ ಮಷೀನ್‌ಗೇ ಹೋಗ್ಲಿ. ಅದ್ರಿಂದ ನನ್ ಗಂಟ್ಲು ಉಳೀತು. ನಿಜ ಹೇಳ್ತೀನಿ."

ಸಾಹೇಬರು ಬಹಳ ಹೊತ್ತು ಪೆನ್ನಿನ ಕ್ಯಾಪ್ ಹಾಕಿ ತೆಗೆದು ಮಾಡಿದರು. ಏನೂ ಒತ್ತದವರ ಕರೆಯನ್ನು ಕಟ್ ಮಾಡದೆ ಬೋರ್ಡಿಗೆ ಬಿಡಲು ಆಗುತ್ತದಾ ಎಂದು ಕೇಳಿದರು. "ಒಂದು ಸಣ್ಣ ಸೆಟ್ಟಿಂಗ್ ಅಷ್ಟ ರೀ," ಎಂದರು ಬಸವರಾಜ್, ಅಲ್ಲೇ ಕೂತು ಮಾಡಿದರು. ಸೆಲ್ವಿಯ ಕಾಂಟ್ರ್ಯಾಕ್ಟು ಒಂದು ವರ್ಷಕ್ಕೆ ಹೊಸದಾಯಿತು. ಕುಶನ್ ಕವರು ಬ್ಯಾಗಿನಿಂದ ವಾಪಸು ಬಂತು. ಅದೇ ವರ್ಷದ ಕೊನೆಗೆ ನಾನು ಶಾಲು, ಹಾರ, ಒಂದು ಗೋಡೆ ಗಡಿಯಾರ ತೆಗೆದುಕೊಂಡು ಮನೆಗೆ ಬಂದೆ.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಕಳೆದ ತಿಂಗಳು ಬಸವರಾಜ್ ಫೋನ್ ಮಾಡಿದರು.

"ಮೇಡಮ್, ಆರಾಮದೀರಿ? ಹೊಸಾದು ಬಂದದ್ರಿ. ಇದು ಬರೇ ಮಾತಾಡೂದಲ್ಲ, ಕೇಳತದ. ಮಂದಿ ಏನ್ ಕೇಳಿದರೂ ತಿಳಕೊಂಡು ಉತ್ತರ ಕೊಡತದ. ಅದೂ ನಿಮ್ಮ ದನಿಯಾಗ. ಹಳೇ ರೆಕಾರ್ಡಿಂಗ್ ಮ್ಯಾಲೆ ತಯಾರ್ ಮಾಡೀವಿ. ನೀವು ಹೂಂ ಅಂದರ ಮಾತ್ರ."

"ಊಟ ಆಯ್ತಾ ಅಂತ ಕೇಳಿದ್ರೆ?"

"ಆತು ಅಂತ ಹೇಳತದ್ರೀ," ಎಂದು ನಕ್ಕರು.

ನನಗೆ ನಗು ಬರಲಿಲ್ಲ. "ಸೆಲ್ವಿ ಗತಿ ಏನಪ್ಪ?"

"ಖರೇನ ಗೊತ್ತಿಲ್ರೀ. ಮ್ಯಾನೇಜರ್ ಸಾಹೇಬರಿಗೂ ಗೊತ್ತಿಲ್ಲ. ಇದು ಬಂದ ಮ್ಯಾಲೆ ನಮ್ಮ ಆಫೀಸಿನಾಗ ನನ್ನ ಗತಿ ಏನು ಅನ್ನೂದೂ ನನಗ ಗೊತ್ತಿಲ್ಲ."

ಈ ಮಾತಿನಿಂದ ನನಗೆ ಅವರ ಮೇಲೆ ಮೊದಲಿಗಿಂತ ಪ್ರೀತಿ ಬಂತು. ಬಲ್ಲವರೆಂದುಕೊಂಡಿದ್ದ ಎಲ್ಲರೂ ನನಗೆ ಇಷ್ಟು ವರ್ಷ ಮುಂದೆ ಹೀಗೇ ಆಗುತ್ತದೆ ಎಂದು ಖಚಿತವಾಗಿ ಹೇಳಿದ್ದರು, ಖಚಿತವಾಗಿ ತಪ್ಪಿದ್ದರು. ಹೂಂ ಎಂದೆ. ಒಂದೇ ಒಂದು ಕೇಳಿಕೊಂಡೆ. ಯಾರಾದರೂ ಸುಮ್ಮನಿದ್ದರೆ ಮಷೀನು ತಾನು ಮಾತಾಡಬಾರದು, ಸೆಲ್ವಿಗೆ ಬಿಡಬೇಕು.

"ಸಾಹೇಬರಿಗೆ ಹೇಳಿ ನೋಡತೀನ್ರಿ," ಎಂದರು. ಮಾಡುತ್ತೇನೆ ಎನ್ನಲಿಲ್ಲ.

ಹೊಸ ಮಷೀನು ಶುರುವಾಗುವ ದಿನ ಸೋಮವಾರ ಎಂದು ಗೊತ್ತಿತ್ತು. ಅಂದು ಬೆಳಿಗ್ಗೆ ಸೆಲ್ವಿಯ ಮೊಬೈಲಿಗೆ ಮಾಡಲು ಧೈರ್ಯವಾಗಲಿಲ್ಲ. ಮಹಡಿಯ ಮೇಲೆ ಸೊಪ್ಪಿನ ಕುಂಡಗಳಿಗೆ ನೀರು ಹಾಕಿ, ಅಲ್ಲೇ ಕಟ್ಟೆಯ ಮೇಲೆ ಕೂತು ಆಸ್ಪತ್ರೆಯ ನಂಬರನ್ನೇ ಒತ್ತಿದೆ. ಇಷ್ಟು ವರ್ಷ ಆ ನಂಬರನ್ನು ಎತ್ತಿದ್ದೆನೇ ಹೊರತು ಒತ್ತಿರಲಿಲ್ಲ.

ಆಸ್ಪತ್ರೆಯ ಹೆಸರು ಹೇಳಿ "ನಮಸ್ಕಾರ" ಎಂದೆ ನಾನು, ಆ ಕಡೆಯಿಂದ. "ಹೇಳಿ."

ಈ ಕಡೆ ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಕೇಳಬೇಕಾಗಿದ್ದದ್ದು ಒಂದೇ, ಅದನ್ನು ಕೇಳಲು ಭಯ. ಗಂಟಲು ಸರಿಮಾಡಿಕೊಂಡೆ. ಸುಮ್ಮನೆ ಉಸಿರಾಡುತ್ತಾ ಕೂತೆ.

ಟಿಕ್ ಎಂದಿತು.

"ಅಕ್ಕಾ, ಎಷ್ಟೊತ್ತು ಹಂಗೇ ಸುಮ್ನಿರ್ತೀರಾ? ತಿಂಡಿ ಆಯ್ತಾ?"

"ಸೆಲ್ವಿ! ನಾನೇ ಅಂತ ಹೇಗೆ ಗೊತ್ತಾಯ್ತೇ? ಉಸಿರು ಕೇಳಿ ಗೊತ್ತಾಯ್ತಾ?"

"ಏನಕ್ಕಾ ನೀವು, ಸ್ಕ್ರೀನಲ್ಲಿ ನಿಮ್ ನಂಬರ್ ಕಾಣ್ಸಲ್ವಾ?" ಕಿಲಕಿಲ ನಕ್ಕಳು. "ಮಾತಾಡೋರ್ನೆಲ್ಲ ಅದೇ ನೋಡ್ಕೊತಾ ಇದೆ. ಮಾತಾಡ್ದೇ ಇರೋರೆಲ್ಲ ನನ್ ಕಡೆ. ಬೆಳಗ್ಗೆಯಿಂದ ಎಷ್ಟು ಜನ ಗೊತ್ತಾ! ಈ ವರ್ಷಕ್ಕೆ ಪರವಾಗಿಲ್ಲ ಅಂದ್ರು ಸಾಹೇಬ್ರು. ಮುಂದಿನ್ ವರ್ಷದ್ದು... ಇರಿ ಅಕ್ಕಾ, ಇರಿ, ಇನ್ನೊಬ್ರು ಬಂದ್ರು. ಪಾಪ, ಇವ್ರೂ ಏನೂ ಮಾತಾಡ್ತಿಲ್ಲ. ಹೋಲ್ಡ್ ಮಾಡ್ತೀನಿ."

ಲೈನು ಬದಲಾಯಿತು. ಒಗೆದ ಕಂಬಳಿಗಳ ಮಧ್ಯೆ ನಿಂತು ಹೇಳಿದ ನನ್ನದೇ ಧ್ವನಿ ಬಂತು.

"ಲೈನಲ್ಲೇ ಇರಿ, ಕಟ್ ಮಾಡಬೇಡಿ."

"ಹೂಂ, ಇದ್ದೀನಿ," ಎಂದೆ.